ಕಲ್ಲಟ್ಟಿ ಏರಿನ ದಿನ: ದಾರಿಗೆ ಪೂರ್ಣ ಅಂಕ, ಬಾಡಿಗೆ ಸೈಕಲ್ಲಿಗೆ ಅರ್ಧ

ಮೈಸೂರಿನಿಂದ ಊಟಿಗೆ ಹೋಗಿ ಮರಳುವ ನಾಲ್ಕು ದಿನಗಳ ಸೈಕಲ್ ಪ್ರವಾಸವನ್ನು ಏರ್ಪಡಿಸುವ ಸಂಸ್ಥೆಯೊಂದರ ಜೊತೆ ಕಳೆದ ಜನವರಿಯಲ್ಲಿ ಹೋಗಿದ್ದೆ. ಮೊದಲ ದಿನ ಗುಂಡ್ಲುಪೇಟೆಯವರೆಗಿನ ಸುಮಾರು 60 ಕಿ.ಮೀ. ಹೆದ್ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಈ ಸೇವೆಯ ಗುಣದೋಷಗಳೆರಡೂ ಬಯಲಿಗೆ ಬಂದದ್ದು ಎರಡನೆಯ ದಿನ, ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಹತ್ತಿ ಊಟಿ ಸೇರುವಾಗ.

ಆ ದಿನದ ದೂರ ಕೇವಲ 30 ಕಿ.ಮೀ. ಎಂದು ಕೇಳಿ ನಮ್ಮಲ್ಲಿ ಕೆಲವರು ನಕ್ಕಿದ್ದರು. ಆದರೆ ಘಾಟಿಯ ಬುಡದಲ್ಲಿರುವ ಸೀಗೂರಿನಿಂದ ಸುಮಾರು 12 ಕಿ.ಮೀ.ಯೊಳಗೆ ರಸ್ತೆಯು 36 ಹೇರ್‌ಪಿನ್ ತಿರುವುಗಳಲ್ಲಿ ಸಾವಿರ ಮೀಟರಿಗೂ ಮೀರಿ ಮೇಲೇರುತ್ತದೆ. ಮೇಲುಕಾಮನಹಳ್ಳಿಯ ತನಿಖಾ ಠಾಣೆಯಿಂದ ಮಸಿನಗುಡಿಯವರೆಗಿನ ಹುಲಿ ಸಂರಕ್ಷಿತ ಕಾಡಿನಲ್ಲಿ ಸೈಕಲ್ ತುಳಿಸದೆ ವ್ಯಾನಿನಲ್ಲಿ ಕರೆದೊಯ್ದದ್ದು ಸರಿಯಾದ ನಿರ್ಧಾರ. ಏರಿನಲ್ಲಿಯೂ ವ್ಯಾನು ಹಿಂದಿನಿಂದ ಹಾರ್ನ್ ಮಾಡುತ್ತ ಅವಸರಪಡಿಸಲಿಲ್ಲ. ನಾಲ್ಕೈದು ತಿರುವುಗಳಿಗೊಮ್ಮೆ ಮುಂದೆ ಹೋಗಿ ನಿಂತು, ನೀರು, ಬಾಳೆಹಣ್ಣು, ಕಡಲೆಮಿಠಾಯಿ ಹಿಡಿದು ಕಾಯುತ್ತಿತ್ತು.

ನನ್ನ ತಕರಾರು ಸೈಕಲ್ಲಿನ ಮೇಲೆ. ಬಾಡಿಗೆಗೆ ಕೊಟ್ಟ ರೋಡ್ ಬೈಕಿನ ಚೈನು ಕೂರುವ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ 28 ಹಲ್ಲು. ಬೆಂಗಳೂರಿನ ಮೇಲ್ಸೇತುವೆಗಳಿಗೆ ಇದು ಧಾರಾಳವಾಯಿತು. ಇಲ್ಲಿಯಾದರೋ, ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿಯಬೇಕೆಂದರೂ ಗಂಟೆಗೆ 9 ಕಿ.ಮೀ. ವೇಗ ಹಿಡಿಯಲೇಬೇಕು, ಅಂಥ ಕಡಿದಾದ ಏರಿನಲ್ಲಿ ಆ ಶಕ್ತಿ ನನ್ನಂಥ ಐವತ್ತು ದಾಟಿದವನ ತೊಡೆಗಳಿಗಿಲ್ಲ. ಎಣಿಕೆಯಲ್ಲಿ ಹನ್ನೊಂದನೆಯ ತಿರುವಿನ ಒಳಬದಿಯಲ್ಲಿ ಪೆಡಲ್ ಅರ್ಧ ಸುತ್ತಿನಲ್ಲಿಯೇ ನಿಂತುಬಿಟ್ಟಿತು. ಪೆಡಲಿಗೆ ಕಚ್ಚಿಕೊಂಡಿದ್ದ ಶೂ ಬಿಡಿಸಿಕೊಳ್ಳುವಷ್ಟರಲ್ಲಿ ಸೈಕಲ್ಲಿನೊಡನೆ ಪಕ್ಕಕ್ಕೆ ವಾಲಿ ಮೊಣಕೈ ತರಚಿಕೊಂಡೆ. ಅಲ್ಲಿಂದ ಆರು ತಿರುವು ಸೈಕಲ್ ತಳ್ಳಿಕೊಂಡೇ ನಡೆದೆ.

ನಡೆದದ್ದರಿಂದ ಒಂದು ಲಾಭವಾಯಿತೆಂದು ಒಪ್ಪಬೇಕು. ಹೊರಜಿಲ್ಲೆಯ ಪ್ರವಾಸಿ ವಾಹನಗಳು ಈ ದಾರಿಯಲ್ಲಿ ಕೆಳಗಿಳಿಯುವಂತಿಲ್ಲವಾದ್ದರಿಂದ ಎದುರಿನಿಂದ ಬರುವ ಗಾಡಿಗಳು ವಿರಳವಾಗಿದ್ದವು, ಹಾಗಾಗಿ ತಿರುಗಿ ನೋಡುತ್ತ ನಿಲ್ಲಲು ಭಯವಿರಲಿಲ್ಲ. ಬೆಳಿಗ್ಗೆ ನಾವು ಹೊರಟಿದ್ದ ಒಣ ಕುರುಚಲು ಕಾಡು ಕಾಲಡಿಯಲ್ಲಿ ಕಂದು ಕಂಬಳಿಯಂತೆ ಹರಡಿತ್ತು. ಮೇಲೇರಿದಂತೆ ಗಾಳಿ ತಣ್ಣಗಾಗಿ, ನೀಲಗಿರಿ ಮರಗಳ ವಾಸನೆ ಬಂದು, ಗುಡ್ಡದ ಮೆಟ್ಟಿಲುಗಳಲ್ಲಿ ಗಜ್ಜರಿಯ ಸಾಲುಗಳು ಕಾಣತೊಡಗಿದವು. ನೀಲಗಿರಿಯ ಬಡಗ ಸಮುದಾಯದವರು ತಮ್ಮ ಊರನ್ನು ಹಟ್ಟಿಯೆನ್ನುತ್ತಾರೆ. ಅಂಥದೊಂದು ಹಟ್ಟಿಯ ಚಹಾದಂಗಡಿಯ ಅಜ್ಜಿ ಬಡಗು ನುಡಿಯಲ್ಲಿಯೇ ನನ್ನ ಮೊಣಕೈ ವಿಚಾರಿಸಿದರು. ಮುಕ್ಕಾಲುಪಾಲು ಅರ್ಥವಾಯಿತು, ಉಳಿದ ಕಾಲುಪಾಲು ಬೈಗುಳವೇ ಇರಬೇಕು.

ತಲೈಕುಂದದಲ್ಲಿ ಗೂಡಲೂರು ರಸ್ತೆಯನ್ನು ಸೇರಿದ ಮೇಲೆ ಏರು ಹಗುರ, ವಾಹನ ವಿಪರೀತ. ಊಟಿಯ ವಸತಿಯಲ್ಲಿ ಬಿಸಿನೀರು ಬರಲು ಮುಕ್ಕಾಲು ಗಂಟೆಯಾಯಿತು. ಅನ್ನ, ಬಿಸಿ ಸಾರು ಮಾತ್ರ ಕೇಳಿದಷ್ಟು ಬಡಿಸಿದರು.

ರಾತ್ರಿ ಚೈನಿಗೆ ಎಣ್ಣೆ ಬಿಡುತ್ತಿದ್ದ ಮೆಕ್ಯಾನಿಕ್‌ಗೆ ನನ್ನ ಕಥೆ ಹೇಳಿದೆ. ಏರಿಗೆ ಹಗುರವಾಗುವಂತೆ ಹಿಂದೆಯೂ 34 ಹಲ್ಲಿನವರೆಗೆ ಇರುವ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಮೈಸೂರಿನ ಅಂಗಡಿಯಲ್ಲಿ ಎರಡಿವೆ, ಅದನ್ನು ತಾಳುವ ಉದ್ದನೆಯ ಡಿರೇಲರ್ (ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ದಾಟಿಸುವ ಭಾಗ) ಕೂಡ ಇದೆ, ಆದರೆ ಯಾರೂ ಕೇಳುವುದಿಲ್ಲ ಸಾರ್ ಎಂದ. ನೀವು ಮುಂಗಡ ಕಟ್ಟುವ ಮೊದಲೇ ಕೇಳಿ.