ಮಲ್ಪೆಯ ಹೊಯಿಗೆಯಲ್ಲಿ ಮೂರು ಟ್ರೈಪಾಡ್

ನನ್ನ ಬಳಿ ಈಗ ಉಳಿದಿರುವುದು ಒಂದು ಹಳೆಯ, ಭಾರದ ಅಲ್ಯೂಮಿನಿಯಂ ಟ್ರೈಪಾಡ್. ಕಾಲುಗಳಿಗೆ ಕ್ಲಿಪ್ ಲಾಕ್ ಉಂಟು. ಮದುವೆ ವೀಡಿಯೊ ಮಾಡುವ ಸ್ಟುಡಿಯೊದವರೊಬ್ಬರು 2,200 ರೂಪಾಯಿಗೆ ಕೊಟ್ಟರು. ಅದರ ತಲೆ, ಅಂದರೆ ಕ್ಯಾಮೆರಾ ಕೂರುವ ಭಾಗ, ಸವೆದಿತ್ತು, ಹಾಗಾಗಿ 1,600 ಕೊಟ್ಟು ಹಿಡಿಕೆಯಿಂದ ತಿರುಗಿಸುವ ಹೊಸ ಪ್ಯಾನ್ ಹೆಡ್ ಹಾಕಿಸಿದೆ. ಒಟ್ಟು 3,800. ಅದಕ್ಕೆ ಮೊದಲು 5,400 ಕೊಟ್ಟು ತಂದ ಹೊಚ್ಚ ಹೊಸ ಟ್ರಾವೆಲ್ ಟ್ರೈಪಾಡ್ ನಾಲ್ಕೇ ತಿಂಗಳಲ್ಲಿ ಕೈಕೊಟ್ಟಿತು. ಅದಕ್ಕೂ ಹಿಂದಿನ 1,350ರದ್ದು ತಂಗಿಯ ಮನೆಗೆ ಹೋಗಿದೆ. ಈ ಮೂರನ್ನೂ ನಮ್ಮ ಕರಾವಳಿಯ ಹೊಯಿಗೆ (ಮರಳು), ಗದ್ದೆ, ಬಂಡೆಗಳ ಮೇಲೆ ನಿಲ್ಲಿಸಿ ನೋಡಿದವನು ನಾನು. ಮೊದಲ ದಿನವೇ ಈ ಹಳೆಯದನ್ನು ಕೊಂಡಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಈಗಲೂ ಅನಿಸುತ್ತದೆ.

ನನಗೆ ಟ್ರೈಪಾಡ್ ಬೇಕಾಗುವುದು ವರ್ಷಕ್ಕೆ ಹನ್ನೆರಡು, ಹದಿನೈದು ಸಲ, ಅಷ್ಟೇ. ಮನೆ ಕಟಪಾಡಿಯಲ್ಲಿ. ಮಗಳು ಯಕ್ಷಗಾನ ಕಲಿಯುತ್ತಾಳೆ, ಅವಳ ಆಟ (ಪ್ರದರ್ಶನ) ಇದ್ದಾಗ ವೀಡಿಯೊ ಮಾಡಲಿಕ್ಕೆ ಬೇಕು. ಭಾನುವಾರ ಸಂಜೆ ಮನಸ್ಸಾದರೆ ಸ್ಕೂಟರಿನಲ್ಲಿ ಕಾಪುವಿಗೋ ಮಲ್ಪೆಗೋ ಹೋಗುತ್ತೇನೆ. ಎರಡು ವರ್ಷಕ್ಕೊಮ್ಮೆ ಪರ್ಯಾಯದ ರಾತ್ರಿ ಉಡುಪಿಯ ದೀಪಾಲಂಕಾರ. ಕ್ಯಾಮೆರಾ ಹಳೆಯ ಡಿಎಸ್‌ಎಲ್‌ಆರ್, ಜೊತೆಗೆ ಕಿಟ್ ಲೆನ್ಸ್ ಮತ್ತು ದೂರದ್ದನ್ನು ಹತ್ತಿರ ತರುವ ಒಂದು 55–250 ಮಿ.ಮೀ. ಲೆನ್ಸ್. ಎಲ್ಲ ಸೇರಿ ಒಂದೂಕಾಲು ಕಿಲೋ ಒಳಗೆ. ಇಷ್ಟಕ್ಕೆ ಕಾರ್ಬನ್ ಫೈಬರ್ ಬೇಡ, ಅದರ ದುಡ್ಡೂ ನನ್ನಲ್ಲಿಲ್ಲ.

5,400ರದ್ದನ್ನು ಕೊಂಡದ್ದಕ್ಕೆ ಕಾರಣವಿತ್ತು. ಮಡಚಿದರೆ ಮೊಳಕ್ಕಿಂತಲೂ ಚಿಕ್ಕದು, ತೂಕ 1.3 ಕಿಲೋ, ಗುಂಡಿನ ಮೇಲೆ ಎಲ್ಲ ದಿಕ್ಕಿಗೂ ವಾಲುವ ತಲೆ, ಅಂದರೆ ಬಾಲ್ ಹೆಡ್, ಕೂಡ ಚೆಂದದ್ದು. ಕಾಲುಗಳನ್ನು ಹಿಂದಕ್ಕೆ ಮಡಚಿ ತಲೆಯ ಸುತ್ತ ಕೂರಿಸುವ ಜಾತಿ. ಪ್ರತಿ ಕಾಲಿಗೆ ಐದು ತುಂಡು, ಅಂದರೆ ನಾಲ್ಕು ಗೆಣ್ಣು. ಮೂರು ಕಾಲಿಗೆ ಹನ್ನೆರಡು. ಎಲ್ಲವೂ ತಿರುಗಿಸಿ ಬಿಗಿಮಾಡುವಂಥವು. ಅಂಗಡಿಯ ಟೈಲ್ಸ್ ನೆಲದ ಮೇಲೆ ನಿಲ್ಲಿಸಿದಾಗ ಎಷ್ಟು ಸಲೀಸಾಗಿತ್ತೆಂದರೆ, ಈ ಹನ್ನೆರಡರ ಲೆಕ್ಕ ನನ್ನ ತಲೆಗೆ ಹೋಗಲೇ ಇಲ್ಲ.

ಜನವರಿಯ ಒಂದು ಸಂಜೆ ಮಲ್ಪೆಯಲ್ಲಿ ಸೀ ವಾಕ್‌ನ ಹತ್ತಿರ, ನೀರು ಬಂದು ಹಿಂದೆ ಸರಿಯುವ ಜಾಗದಲ್ಲಿ ಅದನ್ನು ನಿಲ್ಲಿಸಿದೆ. ಲೆನ್ಸಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಐದೈದು ಸೆಕೆಂಡಿನ ಎಕ್ಸ್‌ಪೋಷರ್. ಅಲೆ ಹಾಲಿನ ಹಾಗೆ ಹರಡಿದ ಪಟಗಳು ಬಂದವು, ಅವುಗಳಲ್ಲಿ ಒಂದು ಈಗಲೂ ಮನೆಯ ಗೋಡೆಯ ಮೇಲುಂಟು. ಇಪ್ಪತ್ತು ನಿಮಿಷದ ಕೆಲಸ. ಮನೆಗೆ ಬಂದು ಕಾಲುಗಳನ್ನು ಹೊರಗಿನಿಂದ ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿದೆ.

ಮುಂದಿನ ವಾರ ಕಾಪುವಿನ ದೀಪಸ್ತಂಭದ ಬುಡದಲ್ಲಿ ಬಿಚ್ಚಿದಾಗ ಕೆಳಗಿನ ಗೆಣ್ಣುಗಳೆಲ್ಲ ಕರಕರ ಎಂದವು. ಕೈಗೆ ನೋವಾಗುವಷ್ಟು ಬಿಗಿಮಾಡಿದರೂ ಒಂದು ಕಾಲು ಮೆಲ್ಲಗೆ ಒಳಕ್ಕೆ ಜಾರುತ್ತಿತ್ತು. ಕಣ್ಣಿಗೆ ಕಾಣದಷ್ಟು ನಿಧಾನ. ಕತ್ತಲಾದ ಮೇಲೆ ದೀಪ ಬೀಸುವುದನ್ನು ಹಿಡಿಯಲೆಂದು ಮೂವತ್ತು ಸೆಕೆಂಡ್ ಶಟರ್ ತೆರೆದಿಟ್ಟಿದ್ದೆ. 1901ರಲ್ಲಿ ಕಟ್ಟಿದ ಆ ಸ್ತಂಭ ನನ್ನ ಪಟದಲ್ಲಿ ಎರಡೆರಡಾಗಿ, ಓರೆಯಾಗಿ ಬಂತು. ನಾಲ್ಕನೆಯ ಪಟದ ಹೊತ್ತಿಗೆ ಕಾಲು ಪೂರ್ತಿ ಕುಸಿಯಿತು. ಕ್ಯಾಮೆರಾದ ಪಟ್ಟಿ ಕೈಗೆ ಸುತ್ತಿಕೊಂಡಿದ್ದೆ, ಉಳಿಯಿತು. ಇಲ್ಲದಿದ್ದರೆ ಬಂಡೆಯ ಮೇಲೆ ಲೆನ್ಸು ಚೂರಾಗುತ್ತಿತ್ತು.

ತಿರುಗಿಸುವ ಲಾಕಿನೊಳಗೆ ಏನುಂಟು ಎಂದು ಅದನ್ನು ಬಿಚ್ಚಿದ ಮೇಲೆಯೇ ನನಗೆ ತಿಳಿದದ್ದು. ಹೊರಗೆ ರಬ್ಬರ್ ಸುತ್ತಿದ ಬಳೆ. ಒಳಗೆ ಇಳಿಜಾರಾಗಿ ಕೊರೆದ ಪ್ಲಾಸ್ಟಿಕ್ ಬುಷ್. ಬಳೆ ತಿರುಗಿದಂತೆ ಈ ಬುಷ್ ಒಳಗಿನ ಕೊಳವೆಯನ್ನು ಹಿಸುಕಿ ಹಿಡಿಯುತ್ತದೆ. ಒಳಗಿನ ಕೊಳವೆಯ ಮೇಲ್ತುದಿಯಲ್ಲಿ ಅರ್ಧ ಬಳೆಯಂಥ ಎರಡು ತೆಳು ಪ್ಲಾಸ್ಟಿಕ್ ತುಂಡುಗಳಿರುತ್ತವೆ, ಸಣ್ಣ ಮೊಳೆಯಂಥ ಉಬ್ಬುಗಳಿಂದ ಕೊಳವೆಯ ತೂತುಗಳಿಗೆ ಸಿಕ್ಕಿಕೊಂಡಿರುತ್ತವೆ. ಕಾಲು ಪೂರ್ತಿ ಕಿತ್ತು ಬರದ ಹಾಗೆ, ಒಳಗೆ ಅಲ್ಲಾಡದ ಹಾಗೆ ತಡೆಯುವುದು ಅವೇ. ನನ್ನ ಟ್ರೈಪಾಡಿನಲ್ಲಿ ಹೊಯಿಗೆ ಬುಷ್‌ಗೂ ಕೊಳವೆಗೂ ನಡುವೆ ಕೂತಿತ್ತು. ಉಪ್ಪುನೀರು ಒಣಗಿ ಥ್ರೆಡ್‌ನಲ್ಲಿ ಬಿಳಿ ಹುಡಿಯಾಗಿತ್ತು. ಕೊಳವೆಯ ಮೈಮೇಲೆ ಉದ್ದುದ್ದಕ್ಕೆ ಗೀರು. ತೊಳೆಯುವಾಗ ಆ ಅರ್ಧ ಬಳೆಗಳಲ್ಲಿ ಒಂದು ಬಚ್ಚಲ ತೂತಿನಲ್ಲಿ ಹೋಯಿತು.

ಅಲ್ಲಿಂದ ಎರಡು ತಿಂಗಳು ಅದೊಂದು ತುಂಡು ಪ್ಲಾಸ್ಟಿಕ್ಕಿಗಾಗಿ ಅಲೆದೆ. ಕೊಂಡ ಅಂಗಡಿಯಲ್ಲಿ ಸ್ಪೇರ್ ಬರುವುದಿಲ್ಲ ಎಂದರು. ಮಂಗಳೂರಿನ ಹಂಪನಕಟ್ಟೆಯ ಆಸುಪಾಸಿನಲ್ಲಿ ಇನ್ನೂ ಮೂರು ಕಡೆ ಕೇಳಿದೆ, ಸಿಗಲಿಲ್ಲ. ತಯಾರಿಸಿದವರಿಗೆ ಎರಡು ಸಲ ಬರೆದೆ. ನೀರು, ಹೊಯಿಗೆಯಿಂದ ಆದದ್ದು ವಾರಂಟಿಯೊಳಗೆ ಬರುವುದಿಲ್ಲ ಎಂಬ ಉತ್ತರ ಬಂತು. ಬಿಡಿಭಾಗದ ಬಗ್ಗೆ ಒಂದಕ್ಷರ ಇರಲಿಲ್ಲ. ಹತ್ತು ರೂಪಾಯಿ ಬೆಲೆ ಬಾಳದ ಒಂದು ತುಂಡು ಸಿಗದೆ ಐದು ಸಾವಿರದ ವಸ್ತು ಮೂಲೆ ಸೇರುವುದೆಂದರೆ ನನಗೆ ನಿಜಕ್ಕೂ ಸಿಟ್ಟು ಬಂತು. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ಕತ್ತರಿಸಿ ನಾನೇ ಒಂದು ತುಂಡು ಮಾಡಿ ಹಾಕಿದೆ. ಅರ್ಧ ಎತ್ತರದವರೆಗೆ ನಿಲ್ಲುತ್ತದೆ. ಪೂರ್ತಿ ಎತ್ತರಿಸಿ ಕ್ಯಾಮೆರಾ ಇಡುವ ಧೈರ್ಯವಿಲ್ಲ.

ಆ ದಿನವೇ ಸಿಹಿನೀರಿನಲ್ಲಿ ಬಿಚ್ಚಿ ತೊಳೆದಿದ್ದರೆ ಅದು ಉಳಿಯುತ್ತಿತ್ತು ಎಂದು ಬಲ್ಲವರು ಹೇಳಬಹುದು. ಸರಿಯಾದ ಮಾತು. ಆದರೆ ಪ್ರತಿ ಸಲ ಕಡಲಿಗೆ ಹೋಗಿ ಬಂದು ಹನ್ನೆರಡು ಗೆಣ್ಣು ಬಿಚ್ಚಿ, ಇಪ್ಪತ್ತನಾಲ್ಕು ಅರ್ಧ ಬಳೆಗಳನ್ನು ಬಟ್ಟಲಿನಲ್ಲಿ ಜೋಪಾನ ಮಾಡಿ, ಒಣಗಿಸಿ ಮತ್ತೆ ಜೋಡಿಸುವ ವ್ಯವಧಾನ ಅಪರೂಪಕ್ಕೆ ಬಳಸುವವನಿಗೆ ಎಲ್ಲಿಂದ ಬರಬೇಕು? ದಿನಾ ಇದೇ ಕೆಲಸ ಮಾಡುವವರಿಗೆ ಅದು ರೂಢಿಯಾಗುತ್ತದೆ. ನನಗೆ ಆಗಲಿಲ್ಲ.

ಹಳೆಯ ಟ್ರೈಪಾಡಿನಲ್ಲಿ ಕಾಲಿಗೆ ಮೂರೇ ತುಂಡು, ಒಟ್ಟು ಆರು ಗೆಣ್ಣು. ಕ್ಲಿಪ್ ತೆರೆದರೆ ಒಳಗೆ ಏನು ಸಿಕ್ಕಿಕೊಂಡಿದೆ ಎಂದು ಕಣ್ಣಿಗೇ ಕಾಣುತ್ತದೆ. ಹೊಯಿಗೆ ಇದಕ್ಕೂ ಹೋಗುತ್ತದೆ. ಆದರೆ ಬಾವಿಕಟ್ಟೆಯ ಹತ್ತಿರ ಎಲ್ಲ ಕ್ಲಿಪ್ ಬಿಚ್ಚಿ, ಕಾಲು ಎಳೆದಿಟ್ಟು ಎರಡು ಕೊಡ ನೀರು ಹೊಯ್ದರೆ ಉದುರಿಹೋಗುತ್ತದೆ. ಕ್ಲಿಪ್ ಸಡಿಲವಾದರೆ ಪಕ್ಕದ ಸ್ಕ್ರೂವನ್ನು ಅಲೆನ್ ಕೀಯಲ್ಲಿ ಕಾಲು ಸುತ್ತು ತಿರುಗಿಸಿದರೆ ಆಯಿತು, ಆ ಕೀ ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ನೋಡಿಕೊಳ್ಳಬೇಕಾದದ್ದು ಒಂದು: ಕ್ಲಿಪ್ ಲೋಹದ್ದೇ ಆಗಿರಲಿ. ತೆಳು ಪ್ಲಾಸ್ಟಿಕಿನ ಕ್ಲಿಪ್ ಎರಡು ಬೇಸಿಗೆ ಕಳೆದಾಗ ಮುರಿಯುತ್ತದೆ. ತಂಗಿಯ ಮನೆಯದರಲ್ಲಿ ಒಂದು ಆಗಲೇ ಹೋಗಿದೆ.

ಸ್ಟುಡಿಯೊದವರು ಇದನ್ನು ಮಾರಿದ್ದಕ್ಕೆ ಕಾರಣ ಭಾರ. ‘ಈಗ ಎಲ್ಲ ಗಿಂಬಲ್ ಅಲ್ವಾ, ಇದನ್ನು ಹೊರ್ಲಿಕ್ಕೆ ನಮ್ಮ ಹುಡುಗರು ಕೇಳುದಿಲ್ಲ ಮಾರಾಯ್ರೆ, ನಿಮಗೆ ಆಗ್ತದಾದ್ರೆ ಕೊಂಡ್ಹೋಗಿ’ ಎಂದರು. ಗಿಂಬಲ್ ಎಂದರೆ ಕೈಯಲ್ಲೇ ಹಿಡಿದು ಅಲುಗದಂತೆ ವೀಡಿಯೊ ಮಾಡುವ ಸಾಧನ. ಈ ಟ್ರೈಪಾಡ್ ತಲೆ ಸೇರಿ ಮೂರು ಕಿಲೋ ಹತ್ತಿರ. ಸ್ಕೂಟರಿನ ಮುಂದೆ ಕಾಲಿಡುವಲ್ಲಿ ನಿಲ್ಲಿಸಿಕೊಂಡು ಹೋಗುತ್ತೇನೆ. ನನ್ನ ಟ್ರೈಪಾಡು ನಡೆಯುವುದು ಗಾಡಿಯಿಂದ ಹೆಚ್ಚೆಂದರೆ ಇನ್ನೂರು ಹೆಜ್ಜೆ.

ಅದೇ ಭಾರ ಆಟದ ರಾತ್ರಿ ನನ್ನ ಪಾಲಿಗೆ ದೊಡ್ಡ ಉಪಕಾರ. ಕೊಯ್ಲಾದ ಗದ್ದೆಯಲ್ಲಿ ಬಯಲಾಟ. ಕೂಳೆಯ ನಡುವೆ ಕಾಲೂರಬೇಕು. ಮಕ್ಕಳು ಓಡಾಡುತ್ತಾರೆ, ಚುರುಮುರಿ ತರಲು ಎದ್ದವರ ಕಾಲು ತಾಗುತ್ತದೆ. ಟ್ರಾವೆಲ್ ಟ್ರೈಪಾಡಿನ ಕೆಳಗಿನ ತುಂಡು ನನ್ನ ಕಿರುಬೆರಳಿಗಿಂತ ತುಸು ದಪ್ಪ, ಅಷ್ಟೇ. ಒಮ್ಮೆ ತಾಗಿದರೆ ವೀಡಿಯೊ ಪೂರ್ತಿ ನಡುಗುತ್ತಿತ್ತು. ಹಳೆಯದು ಅಲ್ಲಾಡುವುದು ಕಡಿಮೆ, ಅಲ್ಲಾಡಿದರೂ ಬೇಗ ತಣ್ಣಗಾಗುತ್ತದೆ. ರಂಗಸ್ಥಳ ಹಲಗೆಯದ್ದಾದರೆ ಅದರ ಮೇಲಾಗಲಿ ಅದಕ್ಕೆ ತಾಗಿಸಿಯಾಗಲಿ ಟ್ರೈಪಾಡ್ ಇಡಲೇಬೇಡಿ. ವೇಷ ದಿಗಿಣ ಹಾರಿದಾಗಲೆಲ್ಲ ಹಲಗೆ ಕುಣಿಯುತ್ತದೆ, ಎಷ್ಟು ಬೆಲೆಯ ಟ್ರೈಪಾಡೂ ಅದರ ಜೊತೆ ಕುಣಿಯುತ್ತದೆ. ನೆಲದ ಮೇಲೆ, ಎರಡು ಮಾರು ಹಿಂದೆ ಇಡಿ.

ಬಾಲ್ ಹೆಡ್ ಆಟದ ವೀಡಿಯೊಕ್ಕೆ ಹೇಳಿದ್ದಲ್ಲ. ಸಡಿಲಿಸಿದರೆ ಎಲ್ಲ ದಿಕ್ಕಿಗೂ ಒಮ್ಮೆಲೇ ವಾಲುತ್ತದೆ, ಭಾಗವತರಿಂದ ವೇಷದ ಕಡೆಗೆ ತಿರುಗಿಸುವಷ್ಟರಲ್ಲಿ ರಂಗಸ್ಥಳವೇ ಓರೆ. ಹಿಡಿಕೆ ಇರುವ ಪ್ಯಾನ್ ಹೆಡ್‌ಗಾಗಿ 1,600 ಕೊಟ್ಟದ್ದು ಇದಕ್ಕೆ. ಇನ್ನೊಂದು ಮಾತು: ಕುಣಿಯುವ ವೇಷದ ಫೋಟೊ ತೆಗೆಯಲಿಕ್ಕೆ ಟ್ರೈಪಾಡಿನಿಂದ ಏನೂ ಪ್ರಯೋಜನವಿಲ್ಲ. ಅದು ಕ್ಯಾಮೆರಾವನ್ನು ಅಲುಗದಂತೆ ಹಿಡಿದೀತು, ಕುಣಿಯುವವರನ್ನು ಹಿಡಿಯಲಾರದು. ಫೋಟೊಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ, ಶಟರನ್ನು 1/250 ಸೆಕೆಂಡಿನ ಸುತ್ತ ಇಟ್ಟು ಕೈಯಲ್ಲೇ ತೆಗೆಯಿರಿ.

ಹಾಳಾದ ಟ್ರಾವೆಲ್ ಟ್ರೈಪಾಡಿನ ಬಾಲ್ ಹೆಡ್ ವ್ಯರ್ಥವಾಗಲಿಲ್ಲ ಎಂಬುದೇ ಸಮಾಧಾನ. ಎರಡರಲ್ಲೂ ಕಾಲು ಮತ್ತು ತಲೆಯ ನಡುವಿನ ಸ್ಕ್ರೂ 3/8 ಇಂಚಿನದು, ಹಾಗಾಗಿ ಕಡಲಿಗೆ ಹೋಗುವಾಗ ಅದನ್ನು ಹಳೆಯ ಕಾಲುಗಳ ಮೇಲೆ ಕೂರಿಸಿಕೊಳ್ಳುತ್ತೇನೆ. ಕ್ಯಾಮೆರಾದ ಅಡಿಗೆ ಬಿಗಿದು ತಲೆಗೆ ಸಿಕ್ಕಿಸುವ ಪ್ಲೇಟ್ ಎರಡು ತಲೆಗೂ ಒಂದೇ, 38 ಮಿಲಿಮೀಟರ್ ಅಗಲದ, ಎಲ್ಲೆಡೆ ಬಳಕೆಯಲ್ಲಿರುವ ಆರ್ಕಾ ಮಾದರಿಯದು. ಕಳೆದುಹೋದರೂ ಬೇರೆ ಸಿಗುತ್ತದೆ. ತಲೆ ಬಿಚ್ಚಲಿಕ್ಕೆ ಬರದ, ಬೇರೆ ಪ್ಲೇಟ್ ಹಿಡಿಸದ ಟ್ರೈಪಾಡನ್ನು ಎಷ್ಟು ಅಗ್ಗವಾದರೂ ತರಬೇಡಿ.

1,350ರದ್ದು ಸರಿಯಾಗಿ ಅಂಥದ್ದೇ. ಕಿಟ್ ಲೆನ್ಸಿಗೆ ನಡೆಯುತ್ತದೆ. 250ಕ್ಕೆ ಎಳೆದು ಚಂದ್ರನನ್ನು ನಡುವೆ ಕೂರಿಸಿ ಹಿಡಿಕೆ ಬಿಗಿಮಾಡಿ ಕೈಬಿಟ್ಟರೆ ಮೂತಿ ಕೆಳಗಾಗಿ ಚಂದ್ರ ಚೌಕಟ್ಟಿನ ಅಂಚಿಗೆ. ಮೂರು ಕಾಲುಗಳನ್ನು ನಡುವೆ ಸಲಾಕೆಗಳಿಂದ ಜೋಡಿಸಿರುವುದರಿಂದ ಒಂದೊಂದು ಕಾಲನ್ನು ಬೇರೆ ಬೇರೆ ಕೋನದಲ್ಲಿ ಚಾಚಲಿಕ್ಕಾಗುವುದಿಲ್ಲ, ಕಾಪುವಿನ ಬಂಡೆಗಳ ಮೇಲೆ ಅದು ನಿಲ್ಲಲೇ ಇಲ್ಲ. ಮೊಬೈಲಿಗೆ ಬೇಕಾದಷ್ಟಾಯಿತು. ತಂಗಿ ಅಡುಗೆಯ ವೀಡಿಯೊ ಮಾಡುತ್ತಾಳೆ, ಅವಳಿಗೆ ಒಂದು ದೂರೂ ಇಲ್ಲ.

ಹೊಸದನ್ನು ಕೊಳ್ಳುವವರು ಡಬ್ಬಿಯ ಮೇಲೆ ಬರೆದ ‘ಎಂಟು ಕಿಲೋ ತಾಳುತ್ತದೆ’ಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕುಸಿಯುವುದಿಲ್ಲ ಎಂದು ಅದರ ಅರ್ಥ, ನಡುಗುವುದಿಲ್ಲ ಎಂದಲ್ಲ. ನಿಮ್ಮ ಕ್ಯಾಮೆರಾ, ನಿಮ್ಮ ಉದ್ದದ ಲೆನ್ಸ್ ಅಂಗಡಿಗೆ ಕೊಂಡುಹೋಗಿ. ನಡುಗಂಬ ಎತ್ತದೆ ಕಾಲುಗಳನ್ನು ಪೂರ್ತಿ ಎಳೆದು ನಿಲ್ಲಿಸಿ. ಎದುರಿನ ಅಂಗಡಿಯ ಬೋರ್ಡಿಗೆ ಫೋಕಸ್ ಮಾಡಿ, ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಪರದೆಯ ಮೇಲೆ, ಹತ್ತು ಪಟ್ಟು ಹಿಗ್ಗಿಸಿ, ಒಂದು ಕಾಲಿಗೆ ಬೆರಳಿನಿಂದ ತಟ್ಟಿ. ಅಕ್ಷರದ ನಡುಕ ನಿಲ್ಲುವವರೆಗೆ ಎಣಿಸಿ. ಹಳೆಯದರಲ್ಲಿ ನನಗೆ ಎರಡು ಎಣಿಸುವಷ್ಟರಲ್ಲಿ ನಿಂತಿತು, ಟ್ರಾವೆಲ್‌ನಲ್ಲಿ ಐದು, 1,350ರದ್ದರಲ್ಲಿ ಎಂಟಾದರೂ ನಿಂತಿರಲಿಲ್ಲ. ಈ ಒಂದು ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ನನ್ನ ಐದು ಸಾವಿರ ಉಳಿಯುತ್ತಿತ್ತು.

ಕೊಡಚಾದ್ರಿ, ಕುದುರೆಮುಖ ಎಂದು ಬೆನ್ನಿಗೆ ಹೊತ್ತು ಹತ್ತುವವರಾದರೆ ನನ್ನ ಮಾತು ಬಿಡಿ, ಟ್ರಾವೆಲ್ ಜಾತಿಯೇ ಸರಿ. ಸೈಂಟ್ ಮೇರೀಸ್ ದ್ವೀಪಕ್ಕೆ ನಾನು ಟ್ರೈಪಾಡ್ ಒಯ್ಯುವುದೇ ಇಲ್ಲ. ದೋಣಿ ಇಳಿಯುವಾಗ ಎರಡು ಕೈಯೂ ಬೇಕು, ಕಂಬದಂಥ ಆ ಕಲ್ಲುಗಳು ಹಗಲಿನ ಬೆಳಕಿನಲ್ಲಿ ಕೈಯಲ್ಲೇ ಚೆನ್ನಾಗಿ ಸಿಗುತ್ತವೆ.

ಹೊಯಿಗೆಯಲ್ಲಿ ನಿಲ್ಲಿಸುವಾಗ ಈಗ ಕೆಳಗಿನ ಸಪೂರ ತುಂಡನ್ನೇ ಮೊದಲು ಪೂರ್ತಿ ಎಳೆಯುತ್ತೇನೆ, ಗೆಣ್ಣು ನೀರಿನಿಂದ ಮೇಲೆ ಉಳಿಯಲಿ ಎಂದು. ಬೇರೆ ಕಡೆ ದಪ್ಪ ತುಂಡು ಮೊದಲು. ಒಣ ಹೊಯಿಗೆಯಾದರೆ ಮೂರು ತೆಂಗಿನ ಗೆರಟೆ (ಚಿಪ್ಪು) ತೆಗೆದುಕೊಂಡು ಹೋಗಿ ಪ್ರತಿ ಕಾಲಿನ ಅಡಿಗೆ ಒಂದೊಂದು ಇಡುತ್ತೇನೆ, ಹೂತುಹೋಗುವುದಿಲ್ಲ. ಒದ್ದೆಯಾದಲ್ಲಿ ಕಾಲನ್ನು ಗಟ್ಟಿಯಾಗಿ ಒತ್ತಿ ಊರಿ, ಎರಡು ಅಲೆ ಬಂದುಹೋಗುವವರೆಗೆ ಕಾಯಬೇಕು. ಹಿಂದೆ ಸರಿಯುವ ನೀರು ಕಾಲಿನ ಬುಡದ ಹೊಯಿಗೆಯನ್ನು ಕೊರೆದುಕೊಂಡು ಹೋಗುತ್ತದೆ. ಗಾಳಿ ಇದ್ದರೆ ನಡುಗಂಬದ ಕೊಕ್ಕೆಗೆ ಚೀಲ ನೇತುಹಾಕಿ, ಚೀಲದ ತಳ ನೆಲಕ್ಕೆ ತಾಗಿರಲಿ. ನೇತಾಡಿದರೆ ಅದೇ ಟ್ರೈಪಾಡನ್ನು ಅಲ್ಲಾಡಿಸುತ್ತದೆ. ಕೈನಡುಕ ತಡೆಯುವ ಲೆನ್ಸಿನ ಸ್ಟೆಬಿಲೈಸೇಷನ್ ಆಫ್, ಟೈಮರ್ ಎರಡು ಸೆಕೆಂಡಿಗೆ.

ಮೇ ಕೊನೆಗೆ ಆಟದ ಋತು ಮುಗಿಯುವ ಪತ್ತನಾಜೆ ಬಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನ್ನ ಟ್ರೈಪಾಡಿಗೂ ನಾಲ್ಕು ತಿಂಗಳು ಕೆಲಸವಿಲ್ಲ. ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಆರೂ ಕ್ಲಿಪ್ ತೆರೆದು, ತೊಳೆದು, ನೆರಳಿನಲ್ಲಿ ಎರಡು ದಿನ ಒಣಗಿಸುತ್ತೇನೆ. ಸ್ಕ್ರೂಗಳಿಗೆ ಮಾತ್ರ ಒಂದು ಚೂರು ಸಿಲಿಕೋನ್ ಗ್ರೀಸ್. ಕೊಳವೆಗೆ ತೆಂಗಿನೆಣ್ಣೆ ಹಚ್ಚಬೇಡಿ, ಧೂಳು ಅಂಟಿ ಅರೆಯುತ್ತದೆ. ಚೀಲದಲ್ಲಿಟ್ಟರೆ ಬೂಷ್ಟು ಬರುತ್ತದೆ, ಹಾಗಾಗಿ ಚೀಲವಿಲ್ಲದೆ, ಕ್ಲಿಪ್ ಸಡಿಲವಾಗಿಯೇ ಬಿಟ್ಟು, ಅಟ್ಟಕ್ಕೆ ಹೋಗುವ ಮೆಟ್ಟಿಲ ಪಕ್ಕ ನಿಲ್ಲಿಸಿಡುತ್ತೇನೆ.