ಇಬ್ಬರು ಜೊತೆಯಾಗಿ ತುಳಿಯಲು ಯಾವ ದಾರಿ: ಬನ್ನೂರು, ಶ್ರೀರಂಗಪಟ್ಟಣ, ಬಲಮುರಿ

ಮೈಸೂರಿನಿಂದ ಸೈಕಲ್ ಹತ್ತಿ ಹಳ್ಳಿ ಕಡೆ ಹೊರಡಲು ದಾರಿಗಳಿಗೇನೂ ಬರವಿಲ್ಲ. ಆದರೆ ಒಬ್ಬರೇ ಹೋಗುವ ದಾರಿ ಬೇರೆ, ಗೆಳೆಯನ ಜೊತೆ ಹೋಗುವ ದಾರಿ ಬೇರೆ. ಒಬ್ಬರೇ ಆದರೆ ದೂರ, ವೇಗ, ಏರು ಎಲ್ಲ ಲೆಕ್ಕಕ್ಕೆ ಬರುತ್ತವೆ. ಇಬ್ಬರಾದರೆ ನಾನು ನೋಡುವುದು ಒಂದನ್ನೇ. ಅಕ್ಕಪಕ್ಕ ತುಳಿಯುತ್ತಾ ಎಷ್ಟು ಹೊತ್ತು ಮಾತಾಡಬಹುದು? ಹಿಂದೊಬ್ಬ ಮುಂದೊಬ್ಬ ಆಗಿಬಿಟ್ಟರೆ, ಜೊತೆಗೆ ಹೋಗಿಯೂ ಒಬ್ಬೊಬ್ಬರೇ ಹೋದ ಹಾಗೆ ಅಲ್ವಾ? ನನ್ನ ಹಳೇ ಗೆಳೆಯನ ಜೊತೆ ತುಳಿದು ನೋಡಿದ ಮೂರು ದಾರಿಗಳನ್ನು ಈ ಲೆಕ್ಕದಲ್ಲೇ ಹೋಲಿಸುತ್ತಿದ್ದೇನೆ.

ಮೊದಲು ಬನ್ನೂರು ದಾರಿ. ಬನ್ನೂರು ದಾಟಿ ಸೋಮನಾಥಪುರ ಮುಟ್ಟಲು ಸುಮಾರು 35 ಕಿ.ಮೀ. ಹೋಗಿ ಬರುವಷ್ಟರಲ್ಲಿ 70. ನಿಧಾನವಾಗಿ ಹೋಗುವವರಿಗೆ ಇದು ಇಡೀ ದಿನದ ಕೆಲಸ. ರಸ್ತೆ ಸಣ್ಣ ಏರು, ಸಣ್ಣ ಇಳಿಜಾರು ಅಂತ ಅಲೆಯುತ್ತಾ ಸಾಗುತ್ತದೆ. ನೋಡಲು ಚೆಂದ. ಆದರೆ ಬಸ್ಸು, ಟ್ರ್ಯಾಕ್ಟರ್ ಓಡಾಟ ಇರುವುದರಿಂದ ಒಬ್ಬರ ಹಿಂದೆ ಒಬ್ಬರೇ ಹೋಗಬೇಕು. ಇನ್ನೊಂದು ಸಂಗತಿ ಗಾಳಿಯದು. ಬನ್ನೂರು ಇರುವುದು ಮೈಸೂರಿನ ಪೂರ್ವಕ್ಕೆ. ಆಷಾಢದ ಗಾಳಿ ಬೀಸುವುದು ಪಶ್ಚಿಮದಿಂದ. ಹೋಗುವಾಗ ಬೆನ್ನಿಗೆ ಗಾಳಿ, ಕಾಲಿಗೆ ಕೆಲಸವೇ ಇಲ್ಲ ಅನಿಸುತ್ತದೆ. ಬರುವಾಗ ಅದೇ ಗಾಳಿ ಎದೆಗೆ ಹೊಡೆಯುತ್ತದೆ. ಆಗ ಪಕ್ಕದಲ್ಲೇ ಇದ್ದರೂ ಮಾತು ಕೇಳಿಸುವುದಿಲ್ಲ.

ಗೇರ್ ಇರುವ ಸೈಕಲ್‌ಗೂ ಇಲ್ಲದ ಸೈಕಲ್‌ಗೂ ವ್ಯತ್ಯಾಸ ಗೊತ್ತಾಗುವುದು ಈ ರಸ್ತೆಯಲ್ಲೇ. ನನ್ನದು ಗೇರ್ ಸೈಕಲ್, ಗೆಳೆಯನದು ಹಾಲಿನವರು ಓಡಿಸುವಂಥ ಕರಿ ಸೈಕಲ್. ಏರು ಬಂದರೆ ನಾನು ಗೇರ್ ಇಳಿಸಿ ಕಾಲನ್ನು ಮೊದಲಿನ ಲಯದಲ್ಲೇ ಆಡಿಸಬಹುದು. ಅವನಿಗೆ ಒಂದೇ ಹಲ್ಲುಚಕ್ರ. ಒಂದೋ ಎದ್ದು ನಿಂತು ತುಳಿಯಬೇಕು, ಇಲ್ಲಾ ಇಳಿದು ತಳ್ಳಬೇಕು. ಅವನು ಎದ್ದು ನಿಂತ ಕ್ಷಣವೇ ಮಾತು ಅರ್ಧಕ್ಕೆ ನಿಲ್ಲುತ್ತದೆ.

ಶ್ರೀರಂಗಪಟ್ಟಣದ ದಾರಿ ಇದಕ್ಕೆ ಪೂರ್ತಿ ಉಲ್ಟಾ. ದೂರ ಕಮ್ಮಿ, ಸುಮಾರು 15 ಕಿ.ಮೀ. ಬೆಂಗಳೂರು ಹೆದ್ದಾರಿಯ ಗೊಡವೆಗೇ ಹೋಗಬೇಡಿ. ನಾಗನಹಳ್ಳಿ ಮೇಲೆ ಹೋದರೆ ರೈಲು ಹಳಿಯ ಆಸುಪಾಸಿನಲ್ಲಿ ಹಳ್ಳಿ ದಾರಿ ಸಿಗುತ್ತದೆ. ಪಟ್ಟಣ ಇರುವುದು ಕಾವೇರಿಯ ದ್ವೀಪದ ಮೇಲೆ. ಉದ್ದ ಸುಮಾರು 5 ಕಿ.ಮೀ. ಅಷ್ಟೇ, ಹೆಚ್ಚುಕಡಿಮೆ ಸಮತಟ್ಟು. ಗುಂಬಜ್, 1784ರ ದರಿಯಾ ದೌಲತ್, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆ, ಸಂಗಮ, ಎಲ್ಲವೂ ಹತ್ತಿರ ಹತ್ತಿರ. ಗೇರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತೊಂದರೆ ಜನಜಂಗುಳಿಯದು. ಭಾನುವಾರ ಗಂಜಾಂನ ನಿಮಿಷಾಂಬ ಗುಡಿ ಕಡೆ ಹೋದರೆ ಕಾರು, ಆಟೋಗಳ ನಡುವೆ ಸೈಕಲ್ ನುಗ್ಗಿಸುವುದೇ ಕಷ್ಟ. ಹತ್ತು ನಿಮಿಷಕ್ಕೊಂದು ನೋಡುವ ಜಾಗ ಬರುವುದರಿಂದ ಮಾತಿಗೆ ಓಟವೂ ಸಿಗುವುದಿಲ್ಲ. ಇಳಿ, ಬೀಗ ಹಾಕು, ನೋಡು, ಮತ್ತೆ ಹತ್ತು. ಮಕ್ಕಳ ಜೊತೆ ಹೋಗಲು ಬಹಳ ಒಳ್ಳೆಯ ದಾರಿ. ಹಳೇ ಗೆಳೆಯನ ಜೊತೆ ಮನಸ್ಸು ಬಿಚ್ಚಿ ಮಾತಾಡುವ ದಿನಕ್ಕೆ ಅಲ್ಲ.

ನನ್ನ ಮನಸ್ಸು ನಿಂತಿರುವುದು ಮೂರನೆಯದರ ಮೇಲೆ: ಮೈಸೂರು, ಬೆಳಗೊಳ, ಬಲಮುರಿ, ಪಾಲಹಳ್ಳಿ, ರಂಗನತಿಟ್ಟು, ಪಶ್ಚಿಮವಾಹಿನಿ, ಮತ್ತೆ ನಾಗನಹಳ್ಳಿ ಮೇಲೆ ಮನೆಗೆ. ಒಟ್ಟು 40 ಕಿ.ಮೀ. ಆಸುಪಾಸಿನ ಸುತ್ತು.

ಶುರು ಅಷ್ಟು ಚೆನ್ನಾಗಿಲ್ಲ, ನಿಜ. ಮೇಟಗಳ್ಳಿ ದಾಟುವವರೆಗೆ ಕಾರ್ಖಾನೆಗಳ ಬಸ್ಸು, ಲಾರಿ. ಅದಕ್ಕೇ ಬೆಳಕು ಹರಿಯುವ ಹೊತ್ತಿಗೆ ಹೊರಟುಬಿಡಬೇಕು, ಆ ತುಂಡನ್ನು ಒಬ್ಬರ ಹಿಂದೆ ಒಬ್ಬರು ಸುಮ್ನೆ ದಾಟಿಬಿಡಬೇಕು. ಬೆಳಗೊಳದ ಹತ್ತಿರ ಕೆ.ಆರ್.ಎಸ್. ರಸ್ತೆ ಬಿಟ್ಟು ಬಲಮುರಿ ಕಡೆ ತಿರುಗಿದರೆ ಲೋಕವೇ ಬೇರೆ. ಎರಡೂ ಕಡೆ ಗದ್ದೆ, ಕಬ್ಬು, ತೆಂಗು. ಬಲಮುರಿಯಲ್ಲಿ ಕಾವೇರಿ ಹಳೇ ಕಟ್ಟೆಯ ಮೇಲಿಂದ ಉದ್ದಕ್ಕೂ ತೆಳ್ಳಗೆ ಧುಮುಕುತ್ತದೆ. ನೋಡಿ, ಕಾಫಿ ಕುಡಿದು ಹೊರಡಿ. ನೀರಿಗೆ ಮಾತ್ರ ಇಳಿಯಬೇಡಿ. ಕಲ್ಲು ಜಾರುತ್ತದೆ, ಇಲ್ಲಿ ಮುಳುಗಿ ಸತ್ತವರಿದ್ದಾರೆ.

ಆಮೇಲಿನದೇ ಈ ದಾರಿಯ ಜೀವಾಳ. ಪಾಲಹಳ್ಳಿ ಕಡೆಗಿನ ಒಳರಸ್ತೆಗಳಲ್ಲಿ ಎದುರಿಗೆ ಯಾವಾಗಲೋ ಒಂದು ಬೈಕ್, ಎತ್ತಿನ ಗಾಡಿ. ಹ್ಯಾಂಡಲ್‌ಗೆ ಹ್ಯಾಂಡಲ್ ತಾಗುವಷ್ಟು ಹತ್ತಿರ ಹೋಗಬಹುದು. ಏರಿಲ್ಲ, ಹಾಗಾಗಿ ಅವನ ಕರಿ ಸೈಕಲ್ ನನ್ನದಕ್ಕೆ ಸರಿಸಮ. ನೀವು ಕೂಡ ಬಲಮುರಿಯನ್ನೇ ಮೊದಲು ಮಾಡಿ. ಅಲ್ಲಿಂದ ಪಾಲಹಳ್ಳಿಗೆ ಪೂರ್ವಕ್ಕೆ ಹೋಗುವುದರಿಂದ ಮಳೆಗಾಲದ ಗಾಳಿ ಬೆನ್ನಿಗೇ ಇರುತ್ತದೆ. ನಮ್ಮಿಬ್ಬರ ಮನೆ ವಿಚಾರ, ಅಪ್ಪ ಅಮ್ಮನ ಆರೋಗ್ಯ, ಫೋನಿನಲ್ಲಿ ಹೇಳಿಕೊಳ್ಳಲಾಗದ ಎಷ್ಟೋ ಮಾತು ಹೊರಬಂದಿದ್ದು ಈ ತುಂಡಿನಲ್ಲೇ. ಮುಖ ನೋಡಿ ಹೇಳಲು ಕಷ್ಟವಾದದ್ದನ್ನು ಇಬ್ಬರೂ ರಸ್ತೆ ನೋಡುತ್ತಾ ಹೇಳುವುದು ಸುಲಭ.

ನಾಲೆ ಏರಿಯ ಮೇಲೆ ಹೋಗುವ ಆಸೆ ಎಲ್ಲರಿಗೂ ಆಗುತ್ತದೆ. ಹೋಗಿ. ಆದರೆ ಅಲ್ಲಿ ಅಕ್ಕಪಕ್ಕ ಬೇಡ. ಎಷ್ಟೋ ಕಡೆ ತಡೆಗೋಡೆಯೇ ಇರುವುದಿಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಜನ ತೀರಿಕೊಂಡರು. ಮಂಡ್ಯದವರಾರೂ ಅದನ್ನು ಮರೆತಿಲ್ಲ. ಕಬ್ಬು ಕಡಿಯುವ ಕಾಲದಲ್ಲೂ ಅಷ್ಟೇ ಎಚ್ಚರ ಬೇಕು. ಟ್ರೈಲರ್‌ನಿಂದ ಕಬ್ಬಿನ ತುದಿ ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಟ್ರ್ಯಾಕ್ಟರ್ ಸದ್ದು ಕೇಳಿಸಿದರೆ ಇಳಿದು ನಿಂತುಬಿಡಿ.

ರಂಗನತಿಟ್ಟಿಗೆ ಒಂದು ಗಂಟೆ ಇಟ್ಟುಕೊಳ್ಳಿ. ಸಲೀಂ ಅಲಿಯವರು ಮಹಾರಾಜರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಮಾಡಿಸಿದ ಜಾಗ ಇದು. 2022ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವ ಕಾಲದಲ್ಲಿ ದಡದಿಂದಲೇ ಬೇಕಾದಷ್ಟು ಕಾಣುತ್ತದೆ. ಅಣೆಕಟ್ಟೆಯಿಂದ ನೀರು ಜಾಸ್ತಿ ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ.

ಗೆಳೆಯ ನನ್ನ ತೀರ್ಪು ಒಪ್ಪುವುದಿಲ್ಲ. ಅವನ ಓಟು ಬನ್ನೂರು ದಾರಿಗೇ. ಅವನ ಮಾತಲ್ಲೂ ಹುರುಳಿದೆ. ಸೋಮನಾಥಪುರದ ಕೇಶವ ದೇವಾಲಯ 13ನೇ ಶತಮಾನದ್ದು, ಹೊಯ್ಸಳ ದಂಡನಾಯಕ ಸೋಮನಾಥ ಕಟ್ಟಿಸಿದ್ದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಬಂತು. ಮಲ್ಲಿತಮ್ಮ ಅನ್ನುವ ಶಿಲ್ಪಿ ತಾನು ಕಡೆದ ವಿಗ್ರಹಗಳ ಕೆಳಗೆ ತನ್ನ ಹೆಸರು ಕೆತ್ತಿದ್ದಾನೆ. ಗೆಳೆಯ ಹೊರಗೋಡೆ ಸುತ್ತುತ್ತಾ ಆ ಹೆಸರು ಹುಡುಕುತ್ತಾನೆ. ಸೈಕಲ್ ಮೇಲೆ ಸಿಗದ ಮಾತು ಗುಡಿ ಸುತ್ತಲಿನ ಜಗತಿಯ ಕಟ್ಟೆ ಮೇಲೆ ಸಿಗುತ್ತದೆ ಅನ್ನುವುದು ಅವನ ವಾದ. ಅದಕ್ಕೆ ಹೀಗೆ ಒಪ್ಪಂದ ಮಾಡಿಕೊಂಡಿದ್ದೇವೆ. ಗಾಳಿ ಅಡಗಿದ ಮೇಲೆ, ನವೆಂಬರ್‌ನಿಂದ ಜನವರಿಯೊಳಗೆ ಸೋಮನಾಥಪುರ. ಅವತ್ತು ಗೇರ್ ಸೈಕಲ್ ಅವನಿಗೆ, ಕರಿ ಸೈಕಲ್ ನನಗೆ. ಉಳಿದ ತಿಂಗಳೆಲ್ಲ ಬಲಮುರಿ ಸುತ್ತು.