ಕೆಂಪು ಶಾಯಿಗೆ ಕೊಡುವ ದುಡ್ಡು: ಕಾಸರಗೋಡಿನ ಒಂದು ಪ್ರಬಂಧ ತರಗತಿ

ಎಂಟು ಭಾನುವಾರ, ದಿನಕ್ಕೆ ಎರಡು ಗಂಟೆ, ಒಟ್ಟು 16 ಪ್ರಬಂಧ, ಶುಲ್ಕ 2,400 ರೂಪಾಯಿ. ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ, ಪ್ರವೇಶ ಪರೀಕ್ಷೆಗಳಿಗೆ ಇಂಗ್ಲಿಷ್ ಪ್ರಬಂಧ ಬರೆಯಲು ಕಲಿಸುವ ಈ ತರಗತಿಯ ಬಗ್ಗೆ ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಕಡೆಯ ತಂದೆತಾಯಂದಿರು ಕೇಳುವುದು ಒಂದೇ ಮಾತು: ಮಕ್ಕಳನ್ನು ಕಳಿಸಬಹುದಾ? ಮೊದಲ ನಾಲ್ಕು ವಾರಕ್ಕೆ ಕಣ್ಣುಮುಚ್ಚಿ ಕಳಿಸಬಹುದು. ಆಮೇಲಿನ ನಾಲ್ಕು ವಾರದ ಬಗ್ಗೆ ಸ್ವಲ್ಪ ವಿಚಾರಿಸಿಕೊಂಡು ಕಳಿಸುವುದು ಒಳ್ಳೆಯದು.

ಅದಕ್ಕಿಂತ ಮೊದಲು ಈ ತರಗತಿ ಯಾರಿಗೆ ಬೇಡ ಎಂಬುದನ್ನು ಹೇಳಿಬಿಡಬೇಕು. ವೈದ್ಯಕೀಯಕ್ಕೆ ನೀಟ್, ಕೇರಳದ ಎಂಜಿನಿಯರಿಂಗಿಗೆ ಕೀಮ್, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ, ಕಾನೂನಿಗೆ ಪ್ಲಸ್ ಟು ಮುಗಿಸಿದವರು ಬರೆಯುವ ಕ್ಲಾಟ್, ಇವು ಯಾವುದರಲ್ಲೂ ಪ್ರಬಂಧವಿಲ್ಲ, ಎಲ್ಲವೂ ಸರಿಯುತ್ತರ ಆರಿಸುವ ಪರೀಕ್ಷೆಗಳು. ಹೀಗಿದ್ದೂ ‘ಎಲ್ಲ ಎಂಟ್ರೆನ್ಸ್‌ಗೂ ಉಪಯೋಗ’ ಎಂದು ಕೆಳಗಿನ ಬೋರ್ಡಿನಲ್ಲಿ ಬರೆದಿದ್ದಾರೆ. ಅದನ್ನು ನಂಬಿ ದುಡ್ಡು ಕಟ್ಟಬೇಡಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂತೆ ಬರವಣಿಗೆಯನ್ನೂ ನೋಡುವ ಕಡೆಗೆ ಹೋಗುವವರು, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮೂರು ವರ್ಷದ ಎಲ್‌ಎಲ್‌ಬಿಗೆ ಪ್ರಯತ್ನಿಸುವ ಪದವೀಧರರು, ವಿದೇಶದ ಸ್ನಾತಕೋತ್ತರ ಓದಿಗಾಗಿ ಜಿಆರ್‌ಇ ಬರೆಯುವವರು, ಇಂಗ್ಲೆಂಡಿನ ಕಾನೂನು ಕೋರ್ಸಿಗಾಗಿ ಎಲ್‌ನ್ಯಾಟ್ ಬರೆಯುವವರು, ಇವರಿಗೆ ಮಾತ್ರ ಇದು ಬೇಕಾದ ಸರಕು. ಅವರೂ ಆಯಾ ವರ್ಷದ ಅಧಿಸೂಚನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮಹಡಿ ಹತ್ತಬೇಕು. ಸಮಯವೂ ಪದಮಿತಿಯೂ ಒಂದೊಂದು ಪರೀಕ್ಷೆಗೆ ಒಂದೊಂದು ರೀತಿ ಇರುತ್ತದೆ. ಎಲ್‌ನ್ಯಾಟ್‌ನಲ್ಲಿ ಮೂರು ಪ್ರಶ್ನೆ ಕೊಟ್ಟು ಒಂದಕ್ಕೆ 40 ನಿಮಿಷದಲ್ಲಿ ಬರೆಯಿಸುತ್ತಾರೆ. 500ರಿಂದ 600 ಪದ ಸಾಕು ಎನ್ನುತ್ತಾರೆ, 750 ದಾಟುವಂತಿಲ್ಲ. ಜಿಆರ್‌ಇಯಲ್ಲಿ 30 ನಿಮಿಷ, ಒಂದೇ ಪ್ರಶ್ನೆ, ಆಯ್ಕೆಯೂ ಇಲ್ಲ.

ತರಗತಿಯ ಗಟ್ಟಿ ಭಾಗ ಮೊದಲ ಎರಡು ವಾರ. ಮೊದಲ ದಿನ ಪ್ರಬಂಧವನ್ನೇ ಬರೆಸುವುದಿಲ್ಲ. ಯಾವುದಾದರೂ ಇಂಗ್ಲಿಷ್ ಪುಟ ಕೊಟ್ಟು ಹತ್ತು ನಿಮಿಷ ನಕಲು ಮಾಡಿಸಿ ಪದ ಎಣಿಸುತ್ತಾರೆ. ಬಾಲಿಶ ಎನಿಸಿದರೂ ಮುಂದಿನ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ. ಅರ್ಧ ಗಂಟೆಯ ಪರೀಕ್ಷೆಯಲ್ಲಿ ಬರೆಯಲು ಸಿಗುವುದು 21 ನಿಮಿಷ, ನಿಮಿಷಕ್ಕೆ 15 ಪದ ಬರೆಯುವ ಕೈ ಅಷ್ಟರಲ್ಲಿ 315 ಪದ ಬರೆಯುತ್ತದೆ, ಆದರೆ ಅದು ನಕಲಿನ ವೇಗ. ಯೋಚಿಸಲು ಪೆನ್ನು ನಿಲ್ಲುವ ಹೊತ್ತನ್ನು ಕಳೆದರೆ 250 ಸಿಕ್ಕಿದರೆ ದೊಡ್ಡದು. ಅಂದಮೇಲೆ ಅರ್ಧ ಗಂಟೆಯ ಪರೀಕ್ಷೆಗೆ ಆರು ಪ್ಯಾರಾದ ಯೋಜನೆ ಹಾಕುವುದು ಸುಮ್ಮನೆ. ಪೀಠಿಕೆಗೆ 40 ಪದ, ನಡುವಿನ ಎರಡು ಪ್ಯಾರಾಗಳಿಗೆ 80ರಂತೆ, ಮುಗಿಸಲು 50: ಇಷ್ಟೇ ಹಿಡಿಯುವುದು. ತಮ್ಮ ಕೈವೇಗ ಗೊತ್ತಿಲ್ಲದ ಹುಡುಗರು ಪೀಠಿಕೆಗೇ ಒಂದು ಪುಟ ಖರ್ಚು ಮಾಡಿ, ಕೊನೆಗೆ ‘ಟೈಮ್ ಸಿಗಲಿಲ್ಲ’ ಎನ್ನುತ್ತಾರೆ.

30 ನಿಮಿಷವನ್ನು ಇಲ್ಲಿ ಯೋಜನೆಗೆ 5, ಬರೆಯಲು 21, ತಪ್ಪು ಹುಡುಕಲು 4 ಎಂದು ಒಡೆಯುತ್ತಾರೆ, 40 ನಿಮಿಷವಾದರೆ 7, 28, 5. ಮೊದಲ ಐದು ನಿಮಿಷ ಪೆನ್ಸಿಲಿನ ಕೆಲಸ. ಪ್ರಶ್ನೆಯಲ್ಲಿ ಆಜ್ಞೆಯ ಮಾತು ಯಾವುದು ಎಂದು ಗೆರೆ ಎಳೆಯಬೇಕು. ‘ಹಳ್ಳಿ ಶಾಲೆಗಳು ಮಾತೃಭಾಷೆಯಲ್ಲೇ ಕಲಿಸಬೇಕು ಎಂಬುದನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?’ ಎಂದು ಕೇಳಿದಾಗ ಗೆರೆ ಬೀಳಬೇಕಾದದ್ದು ಮಾತೃಭಾಷೆಯ ಕೆಳಗಲ್ಲ, ‘ಎಷ್ಟರ ಮಟ್ಟಿಗೆ’ಯ ಕೆಳಗೆ. ಅದನ್ನು ಬಿಟ್ಟವರು ಮಾತೃಭಾಷೆಯ ಹಿರಿಮೆಯನ್ನು ಹಾಡಿ ಬರುತ್ತಾರೆ. ನಮ್ಮ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯ ಕೊಟ್ಟರಂತೂ ಮುಗಿಯಿತು, ಪ್ರಬಂಧ ರಾಜ್ಯೋತ್ಸವದ ಭಾಷಣವಾಗುತ್ತದೆ. ಗೆರೆ ಎಳೆದ ಮೇಲೆ ಹಾಳೆಯ ನಡುವೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಎಡಕ್ಕೆ ಒಪ್ಪುವ ಕಾರಣ, ಬಲಕ್ಕೆ ಒಪ್ಪದ ಕಾರಣ. ಎಂಟು ಅಂಶ ಹೊಳೆದರೆ ಐದನ್ನು ಹೊಡೆದುಹಾಕಿ ಮೂರನ್ನು ಉಳಿಸಿಕೊಳ್ಳಬೇಕು, ಎಲ್ಲಕ್ಕಿಂತ ಬಲವಾದುದನ್ನು ಕೊನೆಗೆ ಇಡಬೇಕು. ಹೊಡೆದುಹಾಕಲು ಮನಸ್ಸು ಬಾರದಿರುವುದೇ ಮಕ್ಕಳ ದೊಡ್ಡ ತೊಡಕು. ಇದನ್ನು ಮೇಷ್ಟ್ರು ಬೋರ್ಡಿನ ಮೇಲೆ ಮೂರು ಸಲ ಮಾಡಿ ತೋರಿಸುತ್ತಾರೆ. ಇದಕ್ಕೇ ಅರ್ಧ ಶುಲ್ಕ ಕೊಡಬಹುದು.

ಯೋಜನೆಯನ್ನು ಕನ್ನಡದಲ್ಲೇ ಗೀಚಿಕೊಳ್ಳಲು ಬಿಡುವುದು ಇನ್ನೊಂದು ಒಳ್ಳೆಯ ಕ್ರಮ. ಆದರೆ ವಾಕ್ಯ ಮಾತ್ರ ಇಂಗ್ಲಿಷಿನಲ್ಲೇ ಹುಟ್ಟಬೇಕು, ಕನ್ನಡದ ವಾಕ್ಯವನ್ನು ಎತ್ತಿ ಆ ಕಡೆ ಇಡಲು ಹೋದರೆ ಕೆಡುತ್ತದೆ. ‘ಹೋಗಿ, ನೋಡಿ, ವಿಚಾರಿಸಿ, ಬಂದು ಹೇಳಿದರು’ ಎಂದು ನಾವು ಒಂದೇ ಉಸಿರಿಗೆ ಪೋಣಿಸುವುದು ಅಲ್ಲಿ ‘ಆ್ಯಂಡ್, ಆ್ಯಂಡ್, ಆ್ಯಂಡ್’ ಆಗಿ ಐದು ಸಾಲಿಗೆ ಬೆಳೆಯುತ್ತದೆ. ‘ಆದರೂ’ ಎಂಬ ನಮ್ಮ ಅಭ್ಯಾಸದಿಂದ ‘ಆಲ್ದೋ’ ಎಂದು ಶುರುಮಾಡಿ ನಡುವೆ ಮತ್ತೊಂದು ‘ಬಟ್’ ಸೇರಿಸುತ್ತಾರೆ. ‘ಡಿಸ್ಕಸ್ ಅಬೌಟ್’, ‘ಒನ್ ಆಫ್ ದ’ ಆದಮೇಲೆ ಏಕವಚನ, ‘ಎ’ ಮತ್ತು ‘ದ’ಗಳನ್ನು ನುಂಗಿಬಿಡುವುದು, ಹೀಗೆ ಸುಮಾರು ಹತ್ತು ತಪ್ಪುಗಳೇ ತಿರುಗಿ ತಿರುಗಿ ಬರುತ್ತವೆ. ಕೊನೆಯ ನಾಲ್ಕು ನಿಮಿಷದಲ್ಲಿ ಇಡೀ ಪ್ರಬಂಧವನ್ನು ಓದಲು ಆಗುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಮೂರು ಖಾಯಂ ತಪ್ಪುಗಳನ್ನು ಮಾತ್ರ ಹುಡುಕಬೇಕು. ಆ ಮೂರು ಯಾವುವು ಎಂದು ತಿಳಿಯುವುದು ತಿದ್ದಿದ ಕಾಪಿಗಳಿಂದ.

ಈ ತರಗತಿ ಸೋಲುವುದು ಆ ಕಾಪಿಗಳಲ್ಲಿಯೇ. ಪಾಠವನ್ನು ಎಲ್ಲಿ ಬೇಕಾದರೂ ಕೇಳಬಹುದು. ಪ್ರಬಂಧ ತರಗತಿಗೆ ದುಡ್ಡು ಕೊಡುವುದು ಕೆಂಪು ಶಾಯಿಗೆ. 2,400ನ್ನು 16ರಿಂದ ಭಾಗಿಸಿದರೆ ಒಂದು ಕಾಪಿಗೆ 150 ರೂಪಾಯಿ, ಅದು ನ್ಯಾಯವಾದ ದರವೇ. ಆದರೆ ಕಳೆದ ಬ್ಯಾಚಿನಲ್ಲಿ ತಿದ್ದಿ ಕೈಗೆ ಬಂದದ್ದು 11. ಅಲ್ಲಿಗೆ ಒಂದಕ್ಕೆ 218 ರೂಪಾಯಿ ಬಿತ್ತು. ಮೊದಲ ನಾಲ್ಕು ವಾರದ ಕಾಪಿಗಳನ್ನು ಮೇಷ್ಟ್ರೇ ತಿದ್ದುತ್ತಾರೆ. ಅಂಚಿನಲ್ಲಿ ಪ್ರಶ್ನೆಗಳಿರುತ್ತವೆ: ‘ಇದಕ್ಕೆ ಸಾಕ್ಷಿ ಏನು?’, ‘ಈ ಪ್ಯಾರಾ ಹಿಂದಿನದಕ್ಕೆ ವಿರುದ್ಧವಾಗಿ ಹೇಳುತ್ತಿದೆಯಲ್ಲ?’, ‘ಈ ವಾಕ್ಯ ತೆಗೆದರೆ ಏನು ಹೋಗುತ್ತದೆ?’ ತಿದ್ದುವುದೆಂದರೆ ಇದು. ಐದನೆಯ ವಾರದಿಂದ ಡಿಗ್ರಿ ಓದುವ ಹುಡುಗ ಹುಡುಗಿಯರ ಕೈಗೆ ಕಾಪಿ ಹೋಗುತ್ತದೆ. ಸ್ಪೆಲ್ಲಿಂಗಿಗೆ ಒಂದು ಸುತ್ತು, ಅಡಿಯಲ್ಲಿ ‘ಗುಡ್, ಇಂಪ್ರೂವ್’, ಮೇಲೆ ಹತ್ತಕ್ಕೆ ಆರೂವರೆ. ಆರೂವರೆ ಯಾಕೆ, ಏಳು ಯಾಕಲ್ಲ ಎಂದು ಕೇಳಿದರೆ ಉತ್ತರವಿಲ್ಲ. ಅದೂ ಎರಡು ವಾರ ತಡವಾಗಿ ಬರುತ್ತದೆ. ಅಷ್ಟು ಹೊತ್ತಿಗೆ ಬರೆದವನಿಗೆ ತಾನು ಏನು ಬರೆದೆ ಎಂಬುದೇ ಮರೆತಿರುತ್ತದೆ, ಅದೇ ತಪ್ಪು ಇನ್ನೂ ನಾಲ್ಕು ಕಾಪಿಗಳಲ್ಲಿ ಕೂತಿರುತ್ತದೆ.

ಪ್ರತಿ ಸಲವೂ ಹೊಸ ವಿಷಯ ಕೊಡುವುದು ಇನ್ನೊಂದು ತಪ್ಪು. ‘16 ವಿಷಯ ಕವರ್ ಆಗುತ್ತದೆ’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಪರೀಕ್ಷೆಯಲ್ಲಿ ಬರುವುದು ಹದಿನೇಳನೆಯದೇ ಅಲ್ಲವೇ? ಎಂಟು ವಿಷಯ ಕೊಟ್ಟು, ತಿದ್ದಿದ ಮೇಲೆ ಅದನ್ನೇ ಇನ್ನೊಮ್ಮೆ ಬರೆಸಿದ್ದರೆ ಶುಲ್ಕ ಅಷ್ಟೇ, ತಿದ್ದುವ ಕೆಲಸವೂ ಅಷ್ಟೇ, ಫಲ ಮಾತ್ರ ಬೇರೆ. ಎರಡನೆಯ ಸಲ ಬರೆಯುವಾಗಲೇ ಕೈಗೆ ತಿದ್ದುಪಡಿ ಹತ್ತುವುದು.

ಮೂರನೆಯ ವಾರ ಕೊಡುವ ಜೆರಾಕ್ಸ್ ಕಟ್ಟಿನಲ್ಲಿ ಮಹಾಪುರುಷರ ಹೇಳಿಕೆಗಳಿವೆ, ವಿಷಯವಾರು ಜೋಡಿಸಿದ್ದಾರೆ. ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ವಾದವಿಲ್ಲದ ಪ್ರಬಂಧಕ್ಕೆ ಹೇಳಿಕೆ ಅಂಟಿಸುವುದೆಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಅವುಗಳಲ್ಲಿ ಅರ್ಧ ಹೇಳಿಕೆ ಯಾರದೋ, ಹೆಸರು ಇನ್ನಾರದೋ. ನೂರು ಮಂದಿ ಅದೇ ಹೇಳಿಕೆಯಿಂದ ಶುರುಮಾಡಿದ್ದನ್ನು ಓದಿದ ಮೌಲ್ಯಮಾಪಕರಿಗೆ ನೂರ ಒಂದನೆಯದು ಹೇಗೆ ಕಂಡೀತು?

ಈ ಜಿಲ್ಲೆಯ ಮಕ್ಕಳ ಬಳಿ ಬೇರೆಯವರ ಬಳಿ ಇಲ್ಲದ ಉದಾಹರಣೆಗಳಿವೆ, ತರಗತಿಯಲ್ಲಿ ಅವುಗಳ ಸುದ್ದಿಯೇ ಇಲ್ಲ. ಎಂಡೋಸಲ್ಫಾನ್ ಒಂದನ್ನೇ ನೋಡಿ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕೀಟನಾಶಕ, ಎಣ್ಮಕಜೆಯ ಪಡ್ರೆಯಂಥ ಊರುಗಳ ಬವಣೆ, 2011ರಲ್ಲಿ ಸುಪ್ರೀಂ ಕೋರ್ಟಿನ ತಡೆ, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂಬ ಆದೇಶ. ‘ಅಭಿವೃದ್ಧಿಯೋ ಪರಿಸರವೋ’ ಎಂದರೂ, ‘ನ್ಯಾಯಾಲಯಗಳು ಆಡಳಿತದಲ್ಲಿ ಕೈಹಾಕಬೇಕೇ’ ಎಂದರೂ, ‘ಹೊಸ ತಂತ್ರಜ್ಞಾನದ ಅಪಾಯವನ್ನು ಯಾರು ಹೊರಬೇಕು’ ಎಂದರೂ ಇದು ಕೂರುತ್ತದೆ. ಪ್ರಶ್ನೆಗೆ ತಕ್ಕಂತೆ ತಿರುಗಿಸಿ ಇಡಬೇಕು, ಅಷ್ಟೇ: ಮೊದಲನೆಯದಕ್ಕೆ ಸಿಂಪಡಣೆ ಮುಂದೆ ಬರಲಿ, ಎರಡನೆಯದಕ್ಕೆ 2011 ಮತ್ತು 2017 ಮುಂದೆ ಬರಲಿ. ಎರಡು ವಾಕ್ಯ ಮೀರಬಾರದು. ಮೂರನೆಯ ವಾಕ್ಯದಿಂದ ಅದು ಕಥೆಯಾಗಿ ವಾದ ಕೈತಪ್ಪುತ್ತದೆ. ಸುರಂಗಗಳದ್ದೂ ಹಾಗೆಯೇ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಪಂಪಿಲ್ಲದೆ ನೀರು ತಾನಾಗಿ ಹರಿದುಬರುವಂತೆ ಮಾಡಿದ ವ್ಯವಸ್ಥೆ ಅದು. ನೀರು, ಸಾಂಪ್ರದಾಯಿಕ ಜ್ಞಾನ, ಇಂಧನ, ಮೂರು ವಿಷಯಕ್ಕೂ ಸಲ್ಲುತ್ತದೆ. ಬೋರ್‌ವೆಲ್ ಬಂದ ಮೇಲೆ ಅದರ ಬಳಕೆ ಇಳಿದದ್ದನ್ನೂ ಜೊತೆಗೇ ಹೇಳಿದರೆ ಎದುರು ಪಕ್ಷದ ವಾದವೂ ಅಲ್ಲೇ ಸಿಕ್ಕಿತು. ಇಂಥ ನಾಲ್ಕೈದು ಉದಾಹರಣೆಗಳನ್ನು ವರ್ಷ, ಸ್ಥಳ, ಕಾರಣ ಸಹಿತ ಒಂದು ಕಾರ್ಡಿನಲ್ಲಿ ಬರೆದಿಟ್ಟುಕೊಂಡರೆ ಜೆರಾಕ್ಸ್ ಕಟ್ಟಿನ ಅಗತ್ಯವಿಲ್ಲ.

ಪ್ರಶ್ನೆಗಳ ಸಂಗ್ರಹ ಹಳತು. ಕಪಾಟಿನಲ್ಲಿರುವ ದಪ್ಪ ಪುಸ್ತಕಗಳಲ್ಲಿ ಎರಡು, ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯ ಪ್ರಬಂಧದವು. ಆ ಐಚ್ಛಿಕ ಪ್ರಬಂಧ 2021ರ ಜೂನ್ ನಂತರ ನಿಂತಿದೆ, ಅಮೆರಿಕದ ಕೆಲವು ರಾಜ್ಯಗಳ ಶಾಲಾ ಪರೀಕ್ಷೆಯಲ್ಲಷ್ಟೇ ಉಳಿದದ್ದು. ಜಿಆರ್‌ಇ ಪುಸ್ತಕದಲ್ಲಿ ಇನ್ನೊಬ್ಬರ ವಾದವನ್ನು ಒರೆಗೆ ಹಚ್ಚುವ ‘ಆರ್ಗ್ಯುಮೆಂಟ್’ ಎಂಬ ಎರಡನೆಯ ಬರಹಕ್ಕೆ ಇಡೀ ಅಧ್ಯಾಯವಿದೆ, ಅದನ್ನು 2023ರ ಸೆಪ್ಟೆಂಬರಿನಲ್ಲಿ ತೆಗೆದುಹಾಕಿದ್ದಾರೆ. ಈಗ ಉಳಿದಿರುವುದು ಕೊಟ್ಟ ವಿಷಯದ ಬಗ್ಗೆ ತಮ್ಮ ನಿಲುವು ಬರೆಯುವ ‘ಇಶ್ಯೂ’ ಒಂದೇ, ಅದರ ವಿಷಯಗಳ ಪೂರ್ತಿ ಪಟ್ಟಿಯನ್ನು ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆ ತನ್ನ ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದೆ. ಇದು ಗೊತ್ತಿಲ್ಲದೆ ಮಕ್ಕಳು ಒಂದು ಭಾನುವಾರ ಪೂರ್ತಿ ‘ಆರ್ಗ್ಯುಮೆಂಟ್’ ಬರೆಯುತ್ತಾರೆ. ಜಿಆರ್‌ಇ ಬರೆಯುವವರಿಗೆ ಇನ್ನೂ ಒಂದು ಕೊರತೆ: ಪರೀಕ್ಷೆ ಕಂಪ್ಯೂಟರಿನಲ್ಲಿ, ಇಲ್ಲಿನ ಅಭ್ಯಾಸವೆಲ್ಲ ಕಾಗದದ ಮೇಲೆ. ಅಲ್ಲಿನ ಬರೆಯುವ ಪರದೆಯಲ್ಲಿ ಸ್ಪೆಲ್ಲಿಂಗ್ ತಿದ್ದುವ ಸೌಲಭ್ಯವಿಲ್ಲ, ಕತ್ತರಿಸಿ ಅಂಟಿಸಬಹುದು ಅಷ್ಟೇ. ಮನೆಯಲ್ಲಿ ನೋಟ್‌ಪ್ಯಾಡಿನಂಥ ಬೋಳು ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಮಾಡಬೇಕು.

ಸ್ಥಳ ಪರವಾಗಿಲ್ಲ. ಒಂದು ಕೋಣೆಯಲ್ಲಿ 28 ಮಂದಿ, ಬೆಳಕು ಸಾಕು, ಹೆದ್ದಾರಿಯ ಸದ್ದು ಇದೆ. ಪರೀಕ್ಷಾ ಹಾಲ್ ನಿಶ್ಶಬ್ದವಾಗಿರುತ್ತದೆಂದು ಯಾರೂ ಮಾತು ಕೊಟ್ಟಿಲ್ಲವಾದ್ದರಿಂದ ಅದನ್ನೊಂದು ದೂರು ಎನ್ನಲಾಗದು. ಎರಡರಿಂದ ನಾಲ್ಕರ ಸಮಯ ಒಳನಾಡಿನಿಂದ ಬಸ್ಸಿನಲ್ಲಿ ಬರುವವರಿಗೂ ಹೊಂದುತ್ತದೆ.

ದುಡ್ಡು ಹೊಂದಿಸಲಾಗದವರು ನಾಲ್ವರು ಸ್ನೇಹಿತರು ಸೇರಿ ಮನೆಯಲ್ಲೇ ಇದರ ಬಹುಪಾಲು ಮಾಡಿಕೊಳ್ಳಬಹುದು. ಅಮೆರಿಕದ ಎಸಿಟಿ ಪರೀಕ್ಷೆಯ ಬರವಣಿಗೆ ಭಾಗಕ್ಕೆ ಅಂಕ ಕೊಡುವ ಕ್ರಮ ಇದಕ್ಕೆ ಒಳ್ಳೆಯ ಅಳತೆಗೋಲು. ವಿಚಾರ ಮತ್ತು ವಿಶ್ಲೇಷಣೆ, ಬೆಳೆಸಿದ ರೀತಿ ಮತ್ತು ಆಧಾರ, ಜೋಡಣೆ, ಭಾಷೆ ಎಂದು ನಾಲ್ಕು ತಲೆಬರಹ. ಪ್ರತಿಯೊಂದಕ್ಕೂ ಇಬ್ಬರು ಬೇರೆ ಬೇರೆಯಾಗಿ ಓದಿ 1ರಿಂದ 6ರೊಳಗೆ ಕೊಡಬೇಕು, ಎರಡನ್ನೂ ಕೂಡಿಸಿದರೆ 12ಕ್ಕೆ ಇಷ್ಟು ಎಂದು ಬರುತ್ತದೆ. ಇಬ್ಬರ ನಡುವೆ ಒಂದಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರು ಓದಬೇಕು. ಹೀಗೆ ಮಾಡಿದಾಗ ‘ಆರೂವರೆ’ಯ ಬದಲು ‘ಭಾಷೆಗೆ 9, ಆಧಾರಕ್ಕೆ 4’ ಎಂದು ತಿಳಿಯುತ್ತದೆ, ಮುಂದಿನ ವಾರ ಯಾವುದರ ಮೇಲೆ ಕೂರಬೇಕು ಎಂಬುದೂ ತಿಳಿಯುತ್ತದೆ. ಮೊಬೈಲಿನ ವ್ಯಾಕರಣ ಆ್ಯಪ್‌ಗಳು ‘ಎ’, ‘ದ’ ಹಿಡಿದುಕೊಡುತ್ತವೆ, ಅಷ್ಟಕ್ಕೆ ಬಳಸಿ. ಇಡೀ ಪ್ರಬಂಧವನ್ನು ಅದರ ಬಾಯಿಗೆ ಹಾಕಿದರೆ ನುಣ್ಣಗೆ ತಿದ್ದಿ ಕೊಡುತ್ತದೆ, ಆದರೆ ಪರೀಕ್ಷೆಯ ದಿನ ಆ್ಯಪ್ ಒಳಗೆ ಬರುವುದಿಲ್ಲ.

ಸೇರುವವರಿಗೆ ಇನ್ನೊಂದು ದಾರಿಯೂ ಇದೆ, ಬೋರ್ಡಿನಲ್ಲಿ ಬರೆದಿಲ್ಲ, ಕೇಳಿದರೆ ಹೇಳುತ್ತಾರೆ: ನಾಲ್ಕು ವಾರಕ್ಕೆ ಮಾತ್ರ 1,300 ರೂಪಾಯಿ ಕಟ್ಟಿ, ಆಮೇಲೆ ಒಂದೊಂದು ಕಾಪಿಗೆ 120 ರೂಪಾಯಿಯಂತೆ ವಾಟ್ಸ್ಆ್ಯಪಿನಲ್ಲಿ ಕಳಿಸಿ ತಿದ್ದಿಸಿಕೊಳ್ಳಬಹುದು. ಅದನ್ನೇ ಆರಿಸಿ. ಯಾರು ತಿದ್ದುತ್ತಾರೆ, ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ ಎಂಬುದನ್ನು ಮೊದಲೇ ಬರೆಸಿಕೊಳ್ಳಿ, ಮೂರು ದಿನ ಮೀರಬಾರದು. ಎಡಕ್ಕೆ ಒಂದೂವರೆ ಇಂಚು ಅಂಚು ಬಿಟ್ಟು, ಸಾಲು ಬಿಟ್ಟು ಸಾಲು ಬರೆಯಿರಿ. ಪುಟಕ್ಕೆ ಸಂಖ್ಯೆ, ಮೊದಲ ಪುಟದ ಮೇಲೆ ಶುರುಮಾಡಿದ ಮತ್ತು ಮುಗಿಸಿದ ಗಂಟೆ ಹಾಕಿ. ಫೋಟೋವನ್ನು ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಕೈಯ ನೆರಳು ಬೀಳುತ್ತದೆ, ಹಗಲಲ್ಲಿ ಕಿಟಕಿಯ ಪಕ್ಕ, ಹಾಳೆಯ ನಾಲ್ಕೂ ಮೂಲೆ ಕಾಣುವಂತೆ ತೆಗೆಯಿರಿ. ಪೆನ್ಸಿಲಿನ ಯೋಜನೆಯ ಹಾಳೆಯನ್ನೂ ಜೊತೆಗೆ ಕಳಿಸಿ, ಹೊಡೆದುಹಾಕಿದ ಐದು ಅಂಶಗಳನ್ನು ನೋಡದೆ ಉಳಿದ ಮೂರು ಸರಿಯೋ ಅಲ್ಲವೋ ಎಂದು ಮೇಷ್ಟ್ರಿಗೂ ಹೇಳಲಾಗುವುದಿಲ್ಲ.